ಸ್ಥಳಜ್ಞಾನವೊ, ಸ್ಥಳಾಪಹಾರವೊ?

ನಮ್ಮ ಸಂಘದ ಕಳೆದ ತಿಂಗಳ ಸಭೆಯಲ್ಲಿ ತರುಣ ಮಿತ್ರರೊಬ್ಬರು ಅಂತರ್ಜಾಲದಿಂದ ಹಳ್ಳಿಗಳಿಗೆ ಆಗಿರುವ ಉಪಕಾರವನ್ನು ಕುರಿತು ಉಪನ್ಯಾಸ ಮಾಡಿದರು. ವಿಷಯದಲ್ಲಿ ಅವರಿಗಿರುವ ಪರಿಶ್ರಮವೂ ಮಾತಿನ ಓಜಸ್ಸೂ ಮೆಚ್ಚತಕ್ಕವಾಗಿದ್ದುವು. ಸಭಿಕರು ಚಪ್ಪಾಳೆಯಿಕ್ಕಿದರು, ನಾನೂ ಇಕ್ಕಿದೆನು. ಅವರ ವಾದದ ತಿರುಳು ಇದು: ಹಿಂದೆ ಪತ್ರಿಕೆಯೂ ಆಕಾಶವಾಣಿಯೂ ಪಟ್ಟಣದಲ್ಲಿ ಕುಳಿತು ನಾಡಿಗೆಲ್ಲ ಒಂದೇ ಮಾತನ್ನು ಹೇಳುತ್ತಿದ್ದುವು, ಪರಶುರಾಂಪುರವೆಂಬ ಊರೊಂದುಂಟೆಂಬ ಅರಿವೇ ಅವಕ್ಕೆ ಇರಲಿಲ್ಲ. ಈಗಲಾದರೋ ಶೋಧಯಂತ್ರವು, ಕೇಳುವವನು ಎಲ್ಲಿ ನಿಂತು ಕೇಳುತ್ತಿರುವನೆಂಬುದನ್ನು ತಿಳಿದು, ಆ ಸ್ಥಳಕ್ಕೆ ತಕ್ಕ ಉತ್ತರವನ್ನೂ ಸುದ್ದಿಯನ್ನೂ ಜಾಹೀರಾತನ್ನೂ ಅವನ ಅಂಗೈಗೇ ತಂದುಕೊಡುತ್ತದೆ. ಆದುದರಿಂದ ಊರಿಗೆ ಈಗ ಮೊದಲ ಬಾರಿಗೆ ಮರ್ಯಾದೆ ಬಂದಿದೆ.

ಬಸ್ಸಿನಲ್ಲಿ ಊರಿಗೆ ಹಿಂದಿರುಗುವಾಗ ಈ ಕೊನೆಯ ಮಾತು ನನ್ನನ್ನು ಬಾಧಿಸತೊಡಗಿತು. ಮಿತ್ರರಲ್ಲಿ ನನಗೆ ವಿಶ್ವಾಸವುಂಟು. ಅವರ ತಂದೆಗೆ ಅಮರಕೋಶವನ್ನು ಬಾಯಿಪಾಠ ಮಾಡಿಸಿದವನು ನಾನೇ. ಆದರೂ ತಪ್ಪೆಂದು ತೋರಿದ ಮಾತನ್ನು ಸ್ನೇಹದ ದಾಕ್ಷಿಣ್ಯದಿಂದ ಹಾಗೆಯೇ ಬಿಡುವುದು ಸಂಘಕ್ಕೂ ಅವರಿಗೂ ಮರ್ಯಾದೆಯಲ್ಲ. ನನ್ನ ಪಕ್ಷವನ್ನು ಮೊದಲೇ ಹೇಳಿಬಿಡುತ್ತೇನೆ: ಈ ಯಂತ್ರವು ನಮ್ಮ ಊರನ್ನು ಬಲ್ಲದೆಂಬುದು ಸುಳ್ಳು, ನಾವು ಎಲ್ಲಿ ನಿಂತಿದ್ದೇವೆಂಬುದನ್ನು ಮಾತ್ರ ಅದು ಬಲ್ಲದು, ಅದನ್ನೂ ಮಾರುವುದಕ್ಕಾಗಿ ಬಲ್ಲದು. ಮಾರಿ, ನಮಗೆ ಏನನ್ನು ತೋರಿಸಬೇಕೆಂಬುದಕ್ಕಿಂತ ಹೆಚ್ಚಾಗಿ ಏನನ್ನು ತೋರಿಸಬಾರದೆಂಬುದನ್ನು ಗುಟ್ಟಾಗಿ ನಿಶ್ಚಯಿಸುತ್ತದೆ.

ಇದು ನಡೆಯುವ ಬಗೆಯನ್ನು ಸ್ವಲ್ಪ ನೋಡೋಣ. ಆಕಾಶದಲ್ಲಿ ಸುತ್ತುವ ಉಪಗ್ರಹಗಳ ಸಂಕೇತದಿಂದ ಮೊಬೈಲು ತಾನಿರುವ ಅಕ್ಷಾಂಶ ರೇಖಾಂಶಗಳನ್ನು ಕೆಲವೇ ಮೀಟರುಗಳ ವ್ಯತ್ಯಾಸದೊಳಗೆ ಗಣಿಸಿಕೊಳ್ಳುತ್ತದೆ. ಅದು ದೊರೆಯದಿದ್ದರೆ ಹತ್ತಿರದ ಟವರುಗಳಿಂದಲೂ, ಸುತ್ತಮುತ್ತಲಿನ ವೈಫೈ ಪೆಟ್ಟಿಗೆಗಳಿಂದಲೂ ಊಹಿಸುತ್ತದೆ. ಅದೂ ಇಲ್ಲವಾದರೆ, ಅಂತರ್ಜಾಲಕ್ಕೆ ಹೋಗುವ ಪ್ರತಿಯೊಂದು ಯಂತ್ರಕ್ಕೂ ಅಂಟಿಕೊಂಡಿರುವ ಐ.ಪಿ. ವಿಳಾಸವೆಂಬ ಅಂಕಿಯಿಂದ ಒಂದು ಪ್ರದೇಶವನ್ನು ಆರೋಪಿಸುತ್ತದೆ. ಇತ್ತ ಜಾಹೀರಾತು ಕೊಡುವವನು ಇಂಥ ರಾಜ್ಯ, ಇಂಥ ನಗರ, ಇಂಥ ಬಿಂದುವಿನ ಸುತ್ತ ಇಷ್ಟು ಕಿಲೋಮೀಟರು ಎಂದು ಗೆರೆ ಎಳೆದು ಹಣ ಕಟ್ಟಿರುತ್ತಾನೆ. ನಾವು ಒಂದು ಪದವನ್ನು ಬರೆದು ಹುಡುಕಿದೊಡನೆ, ಕಣ್ಣೆವೆ ಮುಚ್ಚಿ ತೆರೆಯುವುದರೊಳಗೆ ಹರಾಜೊಂದು ನಡೆದುಹೋಗುತ್ತದೆ. ಸವಾಲಿನ ಮೊತ್ತದೊಂದಿಗೆ ಜಾಹೀರಾತಿನ ಗುಣವನ್ನೂ ಎಣಿಸುವುದುಂಟು. ಗೆದ್ದವನ ಮಾತು ನಮ್ಮ ಮುಂದೆ ನಿಲ್ಲುತ್ತದೆ. ಬೇರೆ ಜಾಲತಾಣಗಳಲ್ಲಿಯೂ ಅಪ್ಲಿಕೇಶನ್‌ಗಳಲ್ಲಿಯೂ ನಡೆಯುವ ಕೆಲವು ಬಗೆಯ ಹರಾಜುಗಳಲ್ಲಿ ನೋಡುವವನ ಸ್ಥಳವನ್ನೇ ಸವಾಲುಗಾರರಿಗೆಲ್ಲ ಸಾರಿ ಬೆಲೆ ಕೇಳುತ್ತಾರೆ. ಅಲ್ಲಿ ಗೆದ್ದವನಿಗೆ ಮಾತ್ರವಲ್ಲ, ಸೋತವರಿಗೂ ನಾವೆಲ್ಲಿದ್ದೇವೆಂಬುದು ತಿಳಿದುಹೋಗುತ್ತದೆ. ಚಳ್ಳಕೆರೆಯ ಮಾರುಕಟ್ಟೆಯಲ್ಲಿ ಶೇಂಗಾ ಹರಾಜಾಗುವಾಗ ರೈತನಿಗೆ ತನ್ನ ಚೀಲಕ್ಕೆ ಎಷ್ಟು ಬಂತೆಂಬುದಾದರೂ ತಿಳಿಯುತ್ತದೆ. ಒಪ್ಪದಿದ್ದರೆ ಮಾಲನ್ನು ಗಾಡಿಗೆ ಹೇರಿ ಹಿಂದಕ್ಕೆ ತರಬಲ್ಲನು. ಇಲ್ಲಿ ಮಾರಾಟವಾದ ವಸ್ತು ನಮ್ಮ ಇರುವು. ಮಾರಾಟವಾಯಿತೆಂಬ ಸುದ್ದಿಯೂ ನಮಗೆ ಬಾರದು.

ಗೂಗಲ್ ಸಂಸ್ಥೆಯ ಒಡೆಯರಾದ ಆಲ್ಫಬೆಟ್ ಕಂಪನಿಗೆ 2024ರಲ್ಲಿ ಬಂದ ಆದಾಯ ಸುಮಾರು 35,000 ಕೋಟಿ ಡಾಲರು. ಅದರಲ್ಲಿ 26,400 ಕೋಟಿ ಡಾಲರಿಗಿಂತ ಹೆಚ್ಚು, ಎಂದರೆ ಮುಕ್ಕಾಲು ಪಾಲು, ಜಾಹೀರಾತಿನಿಂದಲೇ ಬಂದುದು. ಊರಿಗೆ ಮರ್ಯಾದೆ ಮಾಡುವುದಕ್ಕಾಗಿ ಯಾರೂ ಇಷ್ಟು ಹಣವನ್ನು ಗಳಿಸುವುದಿಲ್ಲ.

ಸ್ಥಳವನ್ನು ಗುರಿಯಿಟ್ಟು ಮಾತನಾಡುವುದೇ ತಪ್ಪೆಂದು ನಾನು ಹೇಳುತ್ತಿರುವೆನೆಂದು ಯಾರೂ ತಿಳಿಯಬಾರದು. ಅದು ಹೊಸದೂ ಅಲ್ಲ, ಕೆಟ್ಟದೂ ಅಲ್ಲ. ಹಿಂದೆ ಊರಿನಲ್ಲಿ ತಳವಾರನು ತಮಟೆ ಬಡಿದು ನಾಳೆ ಕಂದಾಯದವರು ಬರುತ್ತಾರೆಂದೋ, ಜಾತ್ರೆಗೆ ತೇರಿನ ಹಗ್ಗ ಎಳೆಯಬೇಕೆಂದೋ ಸಾರುತ್ತಿದ್ದುದು ಸ್ಥಳಕ್ಕೆ ತಕ್ಕ ಸುದ್ದಿಯಲ್ಲವೆ? ಇನ್ನೂ ಹಿಂದಕ್ಕೆ ಹೋದರೆ, ನಮ್ಮ ನೆರೆಯ ಮೊಳಕಾಲ್ಮುರು ತಾಲ್ಲೂಕಿನಲ್ಲಿಯೇ ಇದಕ್ಕೆ ಶಿಲಾಸಾಕ್ಷಿಯುಂಟು. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರ ಎಂಬ ಮೂರೆಡೆಗಳಲ್ಲಿ ಅಶೋಕನ ಶಾಸನಗಳಿವೆ. ಇವನ್ನು 1892ರಲ್ಲಿ ಬಿ. ಎಲ್. ರೈಸ್ ಅವರು ಪತ್ತೆಮಾಡಿದರು. ಇಲ್ಲಿಯ ಪಾಠಕ್ಕೆ ಒಂದು ವಿಶೇಷವಿದೆ. ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರನೂ ಮಹಾಮಾತ್ರರೂ ಇಸಿಲದ ಮಹಾಮಾತ್ರರಿಗೆ ಕ್ಷೇಮವನ್ನು ಕೋರಿ ಹೇಳಿಕಳುಹಿಸಿದ ಮಾತೆಂದು ಅದು ಮೊದಲಾಗುತ್ತದೆ. ಎಲ್ಲಿಂದ, ಯಾರು, ಯಾವ ಊರಿನವರಿಗೆ ಎಂಬುದೆಲ್ಲ ಅಲ್ಲಿ ಸ್ಪಷ್ಟವಾಗಿದೆ. ಇದಕ್ಕಿಂತ ಖಚಿತವಾಗಿ ಸ್ಥಳವನ್ನು ಗುರಿಯಿಟ್ಟ ಪ್ರಕಟಣೆಯನ್ನು ನಾನು ಕಾಣೆನು.

ಆದರೆ ಆ ಬಂಡೆಯ ಮುಂದೆ ಮಹಾಮಾತ್ರನು ನಿಂತರೂ ಕುರಿ ಕಾಯುವವನು ನಿಂತರೂ ಅಕ್ಷರಗಳು ಬದಲಾಗುತ್ತಿರಲಿಲ್ಲ. ದಾರಿಹೋಕನು ಬೇರೆ ಸೀಮೆಯವನೆಂದು ತಿಳಿದು ಬಂಡೆಯು ತನ್ನ ಬರೆಹವನ್ನು ಮರೆಮಾಡುತ್ತಿರಲಿಲ್ಲ. ನಾವು ಬಂಡೆಯನ್ನು ಓದುತ್ತೇವೆ, ಬಂಡೆಯು ನಮ್ಮನ್ನು ಓದುವುದಿಲ್ಲ. ತಮಟೆಯೂ ಹಾಗೆಯೇ, ಅದರ ಸದ್ದು ಗೌಡರ ಮನೆಗೊಂದು, ಹಟ್ಟಿಗೊಂದು ಆಗಿ ಕೇಳಿಸುತ್ತಿರಲಿಲ್ಲ. ಊರೆಂಬುದು ಇಂಥ ಸಮಾನಶ್ರವಣದಿಂದ ಆದುದು. ನಾನು ಕೇಳಿದುದನ್ನೇ ನೀವೂ ಕೇಳಿದ್ದೀರಿ ಎಂಬ ನೆಚ್ಚಿಕೆಯ ಮೇಲೆ ಜಗಲಿಯ ಮಾತು ನಡೆಯುತ್ತದೆ. ಪ್ರತಿಯೊಬ್ಬನ ಕಿವಿಗೂ ಬೇರೆ ಬೇರೆಯಾಗಿ ಪಿಸುಗುಟ್ಟುವ ತಮಟೆಯನ್ನು ತಂದು, ಇದು ಊರಿಗೆ ಬಂದ ಮರ್ಯಾದೆ ಎನ್ನುವುದು ಯಾವ ನ್ಯಾಯ?

ಇನ್ನು ಮಿತ್ರರು ಹೊಗಳಿದ ಸ್ಥಳಜ್ಞಾನವನ್ನು ಪರೀಕ್ಷಿಸೋಣ. ತರ್ಕಶಾಸ್ತ್ರದಲ್ಲಿ ಲಕ್ಷಣಕ್ಕೆ ಮೂರು ದೋಷಗಳನ್ನು ಹೇಳುತ್ತಾರೆ. ಗುರಿಯಲ್ಲದುದಕ್ಕೂ ತಗಲುವುದು ಅತಿವ್ಯಾಪ್ತಿ. ಗುರಿಯಾದುದರಲ್ಲಿ ಕೆಲವನ್ನು ಬಿಡುವುದು ಅವ್ಯಾಪ್ತಿ. ಗುರಿಗೆ ಎಲ್ಲಿಯೂ ತಗಲದಿರುವುದು ಅಸಂಭವ. ಮೂರನೆಯದನ್ನು ಬಿಡೋಣ, ಯಂತ್ರವು ಅಷ್ಟು ದಡ್ಡನಲ್ಲ. ಮೊದಲೆರಡು ಮಾತ್ರ ಅದರಲ್ಲಿ ಧಾರಾಳವಾಗಿವೆ. ಗೂಗಲ್ಲಿನಲ್ಲಿ ಒಬ್ಬನು ಚಿತ್ರದುರ್ಗಕ್ಕೆಂದು ಜಾಹೀರಾತು ಕೊಟ್ಟರೆ, ಅವನು ಬೇಡವೆಂದು ಬದಲಾಯಿಸದ ಪಕ್ಷದಲ್ಲಿ, ಅದು ಚಿತ್ರದುರ್ಗದಲ್ಲಿ ಇರುವವರಿಗೂ, ಆಗಾಗ ಬಂದುಹೋಗುವವರಿಗೂ, ಆ ಊರಿನಲ್ಲಿ ಆಸಕ್ತಿ ತೋರಿದರೆಂದು ಯಂತ್ರವು ಎಣಿಸಿದವರಿಗೂ ಹೋಗುತ್ತದೆ. ದೆಹಲಿಯಲ್ಲಿ ಕುಳಿತು ಕೋಟೆಯ ಚಿತ್ರವನ್ನು ಹುಡುಕಿದವನೂ ಆ ಹೊತ್ತಿಗೆ ನಮ್ಮ ಜಿಲ್ಲೆಯವನಾಗಬಹುದು. ಇದು ಅತಿವ್ಯಾಪ್ತಿ.

ಅವ್ಯಾಪ್ತಿಯನ್ನು ನಾನು ಸ್ವತಃ ಅನುಭವಿಸಿದ್ದೇನೆ. 2022ರ ಸೆಪ್ಟೆಂಬರ್ ತಿಂಗಳ ಮೊದಲ ದಿನಗಳಲ್ಲಿ ಮಾರಿಕಣಿವೆಯ ವಾಣಿವಿಲಾಸ ಸಾಗರವು 1933ರ ತರುವಾಯ ಮೊದಲ ಬಾರಿಗೆ ಕೋಡಿ ಬಿದ್ದಿತು. ಎಂಬತ್ತೊಂಬತ್ತು ವರ್ಷಗಳ ಅಂತರ! ನಮ್ಮ ತಾತಂದಿರು ನೋಡಿದುದನ್ನು ನಾವು ನೋಡುವ ಭಾಗ್ಯ ಬಂದಿತೆಂದು ಊರೂರಿನವರು ಹಿರಿಯೂರಿಗೆ ಗಾಡಿ ಕಟ್ಟಿಕೊಂಡು ಹೋದರು. ಅಲ್ಲಿ ಬಿದ್ದ ಕೋಡಿಯ ನೀರು ವೇದಾವತಿಯಲ್ಲಿ ಹರಿದು ನಮ್ಮ ಹೋಬಳಿಯನ್ನು ಹಾದು ಆಂಧ್ರದ ಭೈರವಾನಿತಿಪ್ಪ ಅಣೆಕಟ್ಟಿಗೆ ಹೋಗತಕ್ಕದ್ದು. ಹೊಳೆಯ ದಡದಲ್ಲಿ ತೋಟವುಳ್ಳವರಿಗೆ ಅದು ಸಂತೋಷದ ಸುದ್ದಿಯೂ ಹೌದು, ಎದೆ ನಡುಗಿಸುವ ಸುದ್ದಿಯೂ ಹೌದು. ಹೊಳೆಯಾಚೆ ಹೊಲವಿದ್ದ ನೆಂಟರೊಬ್ಬರು ಬಂದು, ‘ಮೇಷ್ಟ್ರೇ, ನೀರು ಎಷ್ಟು ಬಿಟ್ಟವರೆ, ಸೇತುವೆ ಮ್ಯಾಲೆ ಹೋಗಬಹುದಾ ನಿಮ್ಮ ಮೊಬೈಲಿನಾಗೆ ನೋಡ್ರಿ’ ಎಂದರು. ನಾನು ಪ್ರವಾಹದ ಸುದ್ದಿಯನ್ನು ಹುಡುಕಿದೆನು. ಬಂದುದು ಬೆಂಗಳೂರಿನ ಹೊರವರ್ತುಲ ರಸ್ತೆಯ ಪ್ರವಾಹ! ಆ ವಾರವೇ ಅಲ್ಲಿಯೂ ಮಳೆ ಸುರಿದು ಸಾಫ್ಟ್‌ವೇರ್ ಕಂಪನಿಗಳ ದಾರಿಗಳು ಮುಳುಗಿದ್ದುವು. ಹಡಗಿನಂತೆ ತೇಲುವ ಕಾರುಗಳ ಚಿತ್ರಗಳನ್ನು ಒಂದರ ಮೇಲೊಂದು ನೋಡಿದೆವು. ವೇದಾವತಿಯ ಹೆಸರು ಎಲ್ಲಿಯೂ ಇಲ್ಲ. ಕೊನೆಗೆ ಹೊಳೆಯ ಕಡೆಯಿಂದ ಬಂದ ಹಾಲಿನವನನ್ನು ಕೇಳಿ ತಿಳಿದೆವು.

ಇದಕ್ಕೆ ಕಾರಣವೇನೆಂದು ಆಮೇಲೆ ನನ್ನ ಮೊಮ್ಮಗನು ವಿವರಿಸಿದನು. ನನ್ನ ಸ್ಥಳವನ್ನು ಹೊರಗಿನವರು ತಿಳಿಯುವುದೇಕೆಂದು ನಾನು ಮೊಬೈಲಿನಲ್ಲಿ ಲೊಕೇಶನ್ ಎಂಬುದನ್ನು ಆರಿಸಿಟ್ಟಿದ್ದೆನು. ಆಗ ಯಂತ್ರವು ಐ.ಪಿ. ವಿಳಾಸವನ್ನು ನೋಡುತ್ತದೆ; ಆ ಅಂಕಿಯಾದರೋ ಮೊಬೈಲು ಕಂಪನಿಯ ದೊಡ್ಡ ಕೇಂದ್ರವಿರುವ ನಗರದ್ದಾಗಿ ತೋರುವುದೇ ಹೆಚ್ಚು. ‘ತಾತ, ನೀನು ಅದನ್ನು ಆರಿಸಿದ್ದರಿಂದ ಬೆಂಗಳೂರಿನವನಾಗಿಬಿಟ್ಟೆ’ ಎಂದು ನಕ್ಕನು. ನನಗೆ ನಗು ಬರಲಿಲ್ಲ. ಸ್ಥಳವನ್ನು ಒಪ್ಪಿಸಿದರೆ ಮಾರಾಟವಾಗುತ್ತೇನೆ. ಒಪ್ಪಿಸದಿದ್ದರೆ ನನ್ನ ಊರೇ ನನಗೆ ಇಲ್ಲವಾಗುತ್ತದೆ. ಶಾಸ್ತ್ರಕಾರರು ಉಭಯತಃಪಾಶವೆಂದು ಕರೆಯುವ, ಎರಡು ತುದಿಯಲ್ಲಿಯೂ ಕುಣಿಕೆಯುಳ್ಳ ಹಗ್ಗವು ಇದೇ.

ಗಡಿಯಲ್ಲಿರುವ ನಮಗೆ ಇದರೊಡನೆ ಭಾಷೆಯ ತೊಡಕೂ ಸೇರಿದೆ. ನಮ್ಮ ಹೋಬಳಿಯ ಎಷ್ಟೋ ಮನೆಗಳಲ್ಲಿ ಕನ್ನಡವೂ ತೆಲುಗೂ ಎರಡೂ ನಡೆಯುತ್ತವೆ. ತೆಲುಗಿನ ಮೇಲೆ ನನಗೆ ಕಿಂಚಿತ್ತೂ ಅಸಮಾಧಾನವಿಲ್ಲ, ನನ್ನ ಗುರುಗಳಲ್ಲಿ ಒಬ್ಬರು ತೆಲುಗರೇ ಆಗಿದ್ದರು. ಆದರೆ ಗಡಿಯಾಚೆಯ ಟವರನ್ನು ಮೊಬೈಲು ಹಿಡಿದ ಮಾತ್ರಕ್ಕೆ ಇವನು ಆಂಧ್ರದವನೆಂದು ನಿರ್ಣಯಿಸುವ ಅಧಿಕಾರವನ್ನು ಯಾರು ಕೊಟ್ಟರು? ಆಚೆಯ ಪಕ್ಕದಲ್ಲಿ ಮಡಕಶಿರಾ, ರಾಯದುರ್ಗಗಳ ಕಡೆ ಮಕ್ಕಳನ್ನು ಕನ್ನಡ ಶಾಲೆಗೆ ಕಳುಹಿಸುವ ಮನೆಗಳು ಇಂದಿಗೂ ಉಂಟು. ರಾಜ್ಯದ ಗೆರೆಯನ್ನೇ ಭಾಷೆಯ ಗೆರೆಯೆಂದು ಎಣಿಸುವವರ ಲೆಕ್ಕದಲ್ಲಿ ಅವರ ಕನ್ನಡವು ಇಲ್ಲವೇ ಇಲ್ಲ. ರಾಯದುರ್ಗವು 1953ರ ವರೆಗೆ ಬಳ್ಳಾರಿ ಜಿಲ್ಲೆಯಲ್ಲಿದ್ದಿತು. ಆ ವರ್ಷ ಜಿಲ್ಲೆಯನ್ನು ಹಂಚುವಾಗ ಆಂಧ್ರಕ್ಕೆ ಸೇರಿತು. ಆ ಹಂಚಿಕೆಯಲ್ಲಿ ಬಳ್ಳಾರಿ ತಾಲ್ಲೂಕು ಯಾರದೆಂಬುದಕ್ಕಾಗಿ ನ್ಯಾಯಮೂರ್ತಿ ಮಿಶ್ರಾ ಅವರ ವಿಚಾರಣೆ ನಡೆಯಿತು, ಅರ್ಜಿಗಳು ಹೋದುವು, ವಾದಗಳಾದುವು. ತೀರ್ಮಾನವು ಎಲ್ಲರಿಗೂ ಹಿಡಿಸಲಿಲ್ಲ, ಆದರೂ ಕೇಳುವವರೊಬ್ಬರು ಇದ್ದರು. ಈಗ ದಿನಕ್ಕೆ ಲಕ್ಷಾಂತರ ಬಾರಿ ನಮ್ಮ ಗಡಿಯನ್ನು ಎಳೆದು ಅಳಿಸುವ ಯಂತ್ರಕ್ಕೆ ಅರ್ಜಿಯನ್ನು ಎಲ್ಲಿ ಕೊಡಬೇಕು?

ಇಷ್ಟರ ವರೆಗೆ ಹೇಳಿದುದು ತಪ್ಪು ತೋರಿಸುವುದರ ವಿಚಾರ. ತೋರಿಸದೆ ಇರುವುದರ ವಿಚಾರವು ಇದಕ್ಕಿಂತ ಘೋರವಾದುದು. ಈ ಲೇಖನವನ್ನು ಬರೆಯಲು ಕುಳಿತುದೇ ಅದಕ್ಕಾಗಿ.

ಬೆಂಗಳೂರಿನಲ್ಲಿರುವ ನನ್ನ ಮಗಳ ಮಗನೂ ನಮ್ಮ ಎದುರು ಮನೆಯ ಹುಡುಗನೂ ಒಂದೇ ವಯಸ್ಸಿನವರು, ಒಂದೇ ಡಿಪ್ಲೊಮಾ ಮುಗಿಸಿದವರು. ಅಂಕಗಳಲ್ಲಿ ನಮ್ಮೂರಿನವನೇ ಮುಂದು, ಮೊಮ್ಮಗನಿಗೆ ಬೇಸರವಾಗದಿರಲಿ. ಯುಗಾದಿಯ ರಜೆಯಲ್ಲಿ ಇಬ್ಬರೂ ನಮ್ಮ ಜಗಲಿಯ ಮೇಲೆ ಕುಳಿತು ಮಾತನಾಡುತ್ತಿದ್ದಾಗ, ಒಂದು ಕಾರ್ಖಾನೆಯವರು ಅಪ್ರೆಂಟಿಸುಗಳನ್ನು ತೆಗೆದುಕೊಳ್ಳುವ ವಿಷಯವು ಬಂದಿತು. ಬೆಂಗಳೂರಿನವನ ಮೊಬೈಲಿಗೆ ಆ ಜಾಹೀರಾತು ಹದಿನೈದು ದಿನಗಳ ಕಾಲ ಎಡೆಬಿಡದೆ ಬಂದಿದ್ದಿತು. ಅವನಿಗೆ ಬೇರೆ ಕೆಲಸ ಸಿಕ್ಕಿದ್ದರಿಂದ ಲಕ್ಷ್ಯಗೊಡಲಿಲ್ಲ. ನಮ್ಮೂರಿನವನಾದರೋ ದಿನವೂ ಸಂಜೆ ಅದೇ ಪದಗಳನ್ನು ಬರೆದು ಕೆಲಸವನ್ನು ಹುಡುಕುತ್ತಿದ್ದವನು. ಒಂದು ದಿನವೂ ಅದನ್ನು ಕಾಣಲಿಲ್ಲ. ಆ ಹೊತ್ತಿಗೆ ಅರ್ಜಿಯ ಕೊನೆಯ ದಿನವು ಕಳೆದು ವಾರವಾಗಿದ್ದಿತು. ವಿಚಾರಿಸಿದಾಗ ಕಚೇರಿಯವರು, ಜಾಹೀರಾತನ್ನು ಬೆಂಗಳೂರಿನ ಸುತ್ತಳತೆಗೆ ಮಾತ್ರ ಕೊಟ್ಟಿದ್ದೆವೆಂದೂ, ಹೊರಗಿನವರು ಅರ್ಜಿ ಹಾಕಬಾರದೆಂದೇನೂ ಇರಲಿಲ್ಲವೆಂದೂ ಸೌಜನ್ಯದಿಂದಲೇ ಹೇಳಿದರು. ಅವರ ಮೇಲೆ ನನಗೆ ಕೋಪವಿಲ್ಲ. ಅವರು ಹಣವನ್ನು ಉಳಿಸಿದರು, ಅಷ್ಟೆ.

ಹಾಗಾದರೆ ನಮ್ಮ ಹುಡುಗನ ಮೊಬೈಲಿನಲ್ಲಿ ಆ ದಿನಗಳಲ್ಲಿ ಬಂದುದೇನು? ಅವನೇ ತೋರಿಸಿದನು: ಚಿನ್ನದ ಮೇಲೆ ಸಾಲ, ದಾಖಲೆಯಿಲ್ಲದೆ ಹತ್ತು ನಿಮಿಷದಲ್ಲಿ ಸಾಲ, ಬೋರ್‌ವೆಲ್ ಕೊರೆಯುವವರು, ಮತ್ತೆ ಸಾಲ. ಬಯಲುಸೀಮೆಯ ಬಡವನು ಇವನೆಂದು ಯಂತ್ರವು ತಿಳಿದುಕೊಂಡಿದೆ, ಅದರಲ್ಲಿ ತಪ್ಪಿಲ್ಲ. ಅಂತರ್ಜಲಕ್ಕೂ ಅಂತರ್ಜಾಲಕ್ಕೂ ಕನ್ನಡದಲ್ಲಿ ಒಂದು ದೀರ್ಘದ ಅಂತರ. ಮೊದಲನೆಯದು ಬತ್ತಿದ ನಮ್ಮ ಹೋಬಳಿಗೆ ಎರಡನೆಯದು ಬಂದು, ಮೊದಲನೆಯದನ್ನು ಇನ್ನಷ್ಟು ಆಳಕ್ಕೆ ಕೊರೆಯಿರೆಂದು ಸಾಲವನ್ನೂ ಕೊಡಿಸುತ್ತಿದೆ.

ಇಲ್ಲಿ ವಾಚಕರು ಒಂದು ಸೂಕ್ಷ್ಮವನ್ನು ಗಮನಿಸಬೇಕು. ಅಭಾವವು ಹೇಗೆ ತಿಳಿಯುತ್ತದೆಂಬುದನ್ನು ನಮ್ಮ ಮೀಮಾಂಸಕರು ಬಹಳವಾಗಿ ವಿಚಾರಿಸಿದ್ದಾರೆ. ನೆಲದ ಮೇಲೆ ಕೊಡವಿಲ್ಲವೆಂದು ನಾನು ಹೇಗೆ ಬಲ್ಲೆ? ಕೊಡವು ಇದ್ದಿದ್ದರೆ ಕಾಣಿಸತಕ್ಕ ಬೆಳಕಿದೆ, ಕಣ್ಣು ಸರಿಯಾಗಿದೆ, ಆದರೂ ಕಾಣದು, ಆದುದರಿಂದ ಇಲ್ಲ. ಇದನ್ನು ಯೋಗ್ಯಾನುಪಲಬ್ಧಿಯೆನ್ನುವರು. ಕತ್ತಲೆಯಲ್ಲಿ ಕೊಡವು ಕಾಣಲಿಲ್ಲವೆಂದು ಕೊಡವೇ ಇಲ್ಲವೆನ್ನುವಂತಿಲ್ಲ. ಹಿಂದೆ ಎದುರು ಮನೆಯ ಹುಡುಗನ ತಂದೆಯು ವಾಚನಾಲಯಕ್ಕೆ ಹೋಗಿ ಪತ್ರಿಕೆಯ ‘ಬೇಕಾಗಿದ್ದಾರೆ’ ಪುಟವನ್ನು ಓದಿ, ಇಂದು ತನಗೆ ತಕ್ಕ ಕೆಲಸವಿಲ್ಲವೆಂದು ಎದ್ದು ಬರುತ್ತಿದ್ದನು. ಆ ಪುಟದಲ್ಲಿ ಇಲ್ಲವೆಂದರೆ ಬೆಂಗಳೂರಿನವನಿಗೂ ಇಲ್ಲ. ಅವನ ‘ಇಲ್ಲ’ವು ಪ್ರಮಾಣವಾಗಿದ್ದಿತು. ಮಗನಿಗೆ ಈಗ ಆ ‘ಇಲ್ಲ’ವೂ ಇಲ್ಲ. ಅವನು ಕಾಣದುದು ಲೋಕದಲ್ಲಿ ಇಲ್ಲದ್ದೋ, ತನಗೆ ಮಾತ್ರ ಮುಚ್ಚಿಟ್ಟದ್ದೋ ಅವನು ಅರಿಯನು, ಅರಿಯಲಾರನು. ತನಗೆ ಅನ್ಯಾಯವಾಯಿತೆಂದು ದೂರುವುದಕ್ಕೂ ಮೊದಲು ಅನ್ಯಾಯವು ಕಣ್ಣಿಗೆ ಬೀಳಬೇಕಷ್ಟೆ?

ಇದು ಮುದುಕನ ಕುಶಂಕೆಯೆಂದು ಕೆಲವರು ಎನ್ನಬಹುದು. 2019ರ ಮಾರ್ಚ್ ತಿಂಗಳಲ್ಲಿ ಅಮೆರಿಕದಲ್ಲಿ ಫೇಸ್‌ಬುಕ್ ಸಂಸ್ಥೆಯು ನಾಗರಿಕ ಹಕ್ಕುಗಳ ಸಂಘಗಳೊಡನೆ ರಾಜಿ ಮಾಡಿಕೊಂಡು, ಮನೆ, ಉದ್ಯೋಗ, ಸಾಲ ಈ ಮೂರರ ಜಾಹೀರಾತುಗಳನ್ನು ಆ ದೇಶದಲ್ಲಿ ವಯಸ್ಸು, ಲಿಂಗ, ಅಂಚೆಯ ಪಿನ್ ಕೋಡುಗಳನ್ನು ನೋಡಿ ಹಂಚಲು ಅವಕಾಶ ಕೊಡುವುದನ್ನು ನಿಲ್ಲಿಸಲು ಒಪ್ಪಿತು. ಅಲ್ಲಿ ಪಿನ್ ಕೋಡನ್ನು ಹೇಳಿದರೆ ಬಹುಮಟ್ಟಿಗೆ ಮೈಬಣ್ಣವನ್ನು ಹೇಳಿದಂತೆ. ನಮ್ಮಲ್ಲಿ? ಚಳ್ಳಕೆರೆ, ಮೊಳಕಾಲ್ಮುರು ಸೀಮೆಯನ್ನು ಕಂಡವರಿಗೆ ನಾನು ಬಿಡಿಸಿ ಹೇಳಬೇಕಾದುದಿಲ್ಲ. ಗೊಲ್ಲರ ಹಟ್ಟಿ, ಮ್ಯಾಸನಾಯಕರ ಹಟ್ಟಿ, ಲಂಬಾಣಿ ತಾಂಡಾಗಳು ಊರಿನಿಂದ ಬೇರೆಯಾಗಿಯೇ ನಿಂತಿವೆ. ಇಲ್ಲಿ ನಕ್ಷೆಯ ಮೇಲೆ ಒಂದು ಸುತ್ತು ಗೆರೆ ಎಳೆದು ಬಿಡುವವನು ಜಾತಿಯ ಹೆಸರೆತ್ತದೆ ಜಾತಿಯನ್ನೇ ಬಿಡಬಲ್ಲನು.

‘ಬೇಡವಾದರೆ ಆರಿಸಿಬಿಡಿ, ಯಂತ್ರವು ಬಲಾತ್ಕಾರ ಮಾಡುವುದಿಲ್ಲ’ ಎಂಬುದು ಮಿತ್ರರ ಇನ್ನೊಂದು ಮಾತು. ಆರಿಸಿದವನ ಗತಿಯನ್ನು ವೇದಾವತಿಯ ಪ್ರಸಂಗದಲ್ಲಿ ಹೇಳಿದ್ದೇನೆ. ಆರಿಸಿದೆವೆಂದುಕೊಂಡುದು ಆರಿರಲಿಲ್ಲವೆಂಬುದಕ್ಕೂ ಸಾಕ್ಷಿಯುಂಟು. ಸ್ಥಳದ ಇತಿಹಾಸವನ್ನು ನಿಲ್ಲಿಸಿದ ಮೇಲೆಯೂ ಗೂಗಲ್ ಬೇರೊಂದು ಹೆಸರಿನ ಗುಂಡಿಯ ಮೂಲಕ ಸ್ಥಳವನ್ನು ಬರೆದಿಟ್ಟುಕೊಳ್ಳುತ್ತಿದ್ದುದನ್ನು 2018ರ ಆಗಸ್ಟಿನಲ್ಲಿ ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆಯು ಹೊರಗೆಡಹಿತು. ಈ ವಿಷಯದಲ್ಲಿ ಬಳಕೆದಾರರನ್ನು ತಪ್ಪುದಾರಿಗೆ ಎಳೆದುದಕ್ಕಾಗಿ ಆಸ್ಟ್ರೇಲಿಯದ ನ್ಯಾಯಾಲಯವು 2022ರಲ್ಲಿ ಆ ದೇಶದ 6 ಕೋಟಿ ಡಾಲರು ದಂಡ ವಿಧಿಸಿತು. ಅದೇ ವರ್ಷದ ನವೆಂಬರಿನಲ್ಲಿ ಅಮೆರಿಕದ 40 ರಾಜ್ಯಗಳಿಗೆ 39 ಕೋಟಿ 15 ಲಕ್ಷ ಡಾಲರು ಕೊಟ್ಟು ಗೂಗಲ್ ವ್ಯಾಜ್ಯವನ್ನು ತೀರಿಸಿಕೊಂಡಿತು. ನ್ಯಾಯವಾಗಿ ಹೇಳುವುದಾದರೆ, ಈಗ ತಾನು ಹುಡುಕಾಟಕ್ಕೆ ಎಣಿಸುವ ಸಾಮಾನ್ಯ ಪ್ರದೇಶವು 3 ಚದರ ಕಿಲೋಮೀಟರಿಗಿಂತ ದೊಡ್ಡದಾಗಿಯೂ ಕನಿಷ್ಠ 1,000 ಬಳಕೆದಾರರುಳ್ಳದ್ದಾಗಿಯೂ ಇರುವಂತೆ ನೋಡಿಕೊಳ್ಳುತ್ತೇವೆಂದು ಅವರು ಹೇಳುತ್ತಾರೆ. ಒಳ್ಳೆಯದು. ಸಂಕಲ್ಪ ಮಾಡುವವನು ದ್ವೀಪ, ದೇಶ, ನದೀತೀರಗಳನ್ನು ಹೇಳಿ ತಾನು ನಿಂತ ಸ್ಥಳವನ್ನು ತಾನೇ ಬಾಯಿಬಿಟ್ಟು ಉಚ್ಚರಿಸುತ್ತಾನೆ. ಅದಕ್ಕೆ ಅವನೇ ಕರ್ತೃ. ನನ್ನ ಸ್ಥಳವನ್ನು ನನ್ನ ಪರವಾಗಿ ಪರರು ಉಚ್ಚರಿಸುವುದು, ಎಷ್ಟು ಚದರ ಕಿಲೋಮೀಟರಿನದಾದರೂ, ಬೇರೆಯೇ ಕ್ರಿಯೆ.

ನಮ್ಮ ದೇಶದಲ್ಲಿ ಕಾನೂನಿಲ್ಲವೆಂದಲ್ಲ. ಖಾಸಗಿತನವು ಮೂಲಭೂತ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ತೀರ್ಪಿತ್ತರಷ್ಟೆ; ಆ ವ್ಯಾಜ್ಯವನ್ನು ಹೂಡಿದ ಕೆ. ಎಸ್. ಪುಟ್ಟಸ್ವಾಮಿಯವರು ನಮ್ಮ ಕರ್ನಾಟಕದ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿಗಳು. ಜಾಮೀನು ಪಡೆದವನು ತನ್ನ ಮೊಬೈಲಿನಿಂದ ತಾನಿರುವ ಸ್ಥಳವನ್ನು ಪೊಲೀಸರಿಗೆ ಸದಾ ತೋರಿಸುತ್ತಿರಬೇಕೆಂಬ ಷರತ್ತು ಸಲ್ಲದೆಂದು 2024ರ ಜುಲೈ 8ರಂದು ಅದೇ ನ್ಯಾಯಾಲಯವು ಹೇಳಿತು. ಆಪಾದಿತನಿಗೆ ಇರುವ ಮಾನವು ಶೇಂಗಾ ಬೆಳೆಯುವವನಿಗೆ ಬೇಡವೆ? 2023ರ ದತ್ತಾಂಶ ಸಂರಕ್ಷಣಾ ಕಾಯಿದೆಗೆ ನಿಯಮಗಳು 2025ರ ನವೆಂಬರಿನಲ್ಲಿ ಹೊರಟುವು. ಕಂಪನಿಗಳ ಹೊಣೆಯ ಮುಖ್ಯ ಭಾಗಕ್ಕೆ ಹದಿನೆಂಟು ತಿಂಗಳ ಗಡುವಿದೆ. ಅದರಲ್ಲಿ ಸಮ್ಮತಿಯ ಮಾತಿದೆ, ಮಕ್ಕಳನ್ನು ಗುರಿಯಿಟ್ಟ ಜಾಹೀರಾತಿಗೆ ನಿಷೇಧವಿದೆ. ಆದರೆ ಯಾವ ಊರನ್ನು ಬಿಟ್ಟಿರಿ ಎಂದು ಕೇಳುವ ವಿಧಿಯು ಇಲ್ಲ.

ಮಿತ್ರರ ಒಂದು ಮಾತನ್ನು ಮಾತ್ರ ನಾನು ಅರ್ಧ ಒಪ್ಪುತ್ತೇನೆ. ಸಣ್ಣ ಅಂಗಡಿಯವನು ಅಲ್ಪ ಹಣದಿಂದ ತನ್ನ ಸುತ್ತ ಹತ್ತು ಮೈಲಿಯ ಗಿರಾಕಿಗಳನ್ನು ಕರೆಯಬಹುದೆಂದು ಅವರು ಹೇಳಿದರು, ಅದು ನಿಜ. ಚಳ್ಳಕೆರೆಯ ಕಂಬಳಿ ನೇಯುವವನಿಗೂ ಇದರಿಂದ ನಾಲ್ಕು ಗಿರಾಕಿಗಳು ಹೆಚ್ಚಾಗಿರಬಹುದು. ಆದರೆ ಮೊಳಕಾಲ್ಮುರು ಸೀರೆಯನ್ನು ನೋಡಿರಿ. ಅದಕ್ಕೆ 2011ರಲ್ಲಿ ಭೌಗೋಳಿಕ ಗುರುತು ದೊರೆಯಿತು; ಎಂದರೆ ಆ ಸ್ಥಳದ ಹೆಸರು ಆ ಸ್ಥಳದ ನೇಕಾರರಿಗೆ ಸೇರಿದುದೆಂದು ಕಾನೂನು ಒಪ್ಪಿತು. ಇತ್ತ ‘ಮೊಳಕಾಲ್ಮುರು ಸೀರೆ’ ಎಂಬ ಅವೇ ಎರಡು ಪದಗಳನ್ನು ಹುಡುಕಿದರೆ ಮೇಲಿನ ಸಾಲು ಹರಾಜಿನ ಸೊತ್ತು. ನೇಕಾರನು ತನ್ನ ಊರಿನ ಹೆಸರಿಗೆ ನಗರದ ದೊಡ್ಡ ಅಂಗಡಿಯವನೊಡನೆ ಸವಾಲು ಕೂಗಬೇಕು. ಒಂದು ಕೈಯಿಂದ ಸ್ಥಳನಾಮಕ್ಕೆ ಪಟ್ಟ ಕಟ್ಟಿ, ಇನ್ನೊಂದು ಕೈಯಿಂದ ಅದನ್ನು ಗುತ್ತಿಗೆಗೆ ಕೊಟ್ಟಂತಾಯಿತು.

ಹೀಗೆ ಅಂಗಡಿಯವರೂ ನೇಕಾರರೂ ಶಾಲೆಗಳೂ ಕೊಡುವ ಹಣವು ಹಿಂದೆ ಎಲ್ಲಿಗೆ ಹೋಗುತ್ತಿದ್ದಿತು? ಜಿಲ್ಲೆಯ ಸಣ್ಣ ಪತ್ರಿಕೆಗಳಿಗೆ. ಆ ಹಣದಿಂದ ಒಬ್ಬ ವರದಿಗಾರನು ಸೈಕಲ್ಲನ್ನೇರಿ ಪರಶುರಾಂಪುರದ ವರೆಗೆ ಬಂದು ಕೆರೆಯ ಏರಿ ಬಿರುಕು ಬಿಟ್ಟುದನ್ನು ಬರೆಯುತ್ತಿದ್ದನು. ಜಾಹೀರಾತು ಯಂತ್ರಕ್ಕೆ ಹೋಯಿತು, ಸೈಕಲ್ಲು ನಿಂತಿತು. ಈಗ ಯಂತ್ರಕ್ಕೆ ನಮ್ಮೂರಿನ ಸುದ್ದಿಯನ್ನು ತೋರಿಸಬೇಕೆಂಬ ಮನಸ್ಸಿದ್ದರೂ ತೋರಿಸಲು ಸುದ್ದಿಯನ್ನು ಬರೆದವರಿರುವುದಿಲ್ಲ. ವಿದೇಶೀ ಕಂಪನಿಗಳಿಗೆ ಹೋಗುವ ಈ ಜಾಹೀರಾತಿನ ಹಣದ ಮೇಲೆ ಕೇಂದ್ರ ಸರ್ಕಾರವು 2016ರ ಜೂನ್ 1ರಿಂದ ನೂರಕ್ಕೆ ಆರರಂತೆ ಒಂದು ತೆರಿಗೆಯನ್ನು ಹಾಕುತ್ತಿದ್ದಿತು. 2025ರ ಏಪ್ರಿಲ್ 1ರಿಂದ ಅದನ್ನೂ ತೆಗೆದುಹಾಕಿದರು. ಅದರಲ್ಲಿ ಒಂದು ಕಾಸೂ ನಮ್ಮ ಜಿಲ್ಲೆಯ ಪತ್ರಿಕೆಗಳಿಗೆಂದು ಮೀಸಲಾಗಿರಲಿಲ್ಲವಾದ್ದರಿಂದ ಹೆಚ್ಚು ಮರುಗಬೇಕಾದುದಿಲ್ಲ.

ಪತ್ರಿಕೆಗಳವರೂ ಈ ವಿಷಯದಲ್ಲಿ ಪೂರ್ತಿ ನಿರ್ದೋಷಿಗಳಲ್ಲ. ದೊಡ್ಡ ಪತ್ರಿಕೆಗಳು ಜಿಲ್ಲೆಗೊಂದು ಪುಟವನ್ನು ಮಾಡಿದಾಗ ನಾವೆಲ್ಲ ಹಿಗ್ಗಿದೆವು. ನಮ್ಮ ಬರಗಾಲವು ನಮಗೇ ಅಚ್ಚಾಗಿ ಬಂದಿತು. ಬೆಂಗಳೂರಿನಲ್ಲಿ ಕುಳಿತು ಅದಕ್ಕೆ ಪರಿಹಾರ ಕೊಡಬೇಕಾದವನ ಪುಟದಲ್ಲಿ ಮಾತ್ರ ಅದು ಇರಲಿಲ್ಲ. ಊರಿನ ಸುದ್ದಿಯನ್ನು ಊರಿನೊಳಗೇ ಕೂಡಿಹಾಕುವ ಅಭ್ಯಾಸವನ್ನು ಯಂತ್ರವು ಸ್ವಲ್ಪ ಮಟ್ಟಿಗೆ ನಮ್ಮ ಸಂಪಾದಕರಿಂದಲೇ ಕಲಿತಿರಬೇಕು. ಆದರೂ ವ್ಯತ್ಯಾಸವೊಂದುಂಟು: ಜಿಲ್ಲೆಯ ಪುಟವನ್ನು ಅಂಚೆಯಲ್ಲಿ ತರಿಸಿಯಾದರೂ ಓದಬಹುದಾಗಿದ್ದಿತು.

ಹಾಗಾದರೆ ನೀವು ಬಯಸುವುದೇನು, ಮೊಬೈಲನ್ನು ಹೊಳೆಗೆ ಎಸೆಯಬೇಕೆ, ಎಂದು ಮಿತ್ರರು ಕೇಳಬಹುದು. ಹೊಳೆಯಲ್ಲಿ ವರ್ಷವಿಡೀ ನೀರಿದ್ದರೆ ಯೋಚಿಸಬಹುದಾಗಿತ್ತು. ನಾನು ಬಯಸುವುದು ಸಾಧ್ಯವಾದುದನ್ನೇ. ಯೂರೋಪಿನ ಒಕ್ಕೂಟವು 2022ರಲ್ಲಿ ಮಾಡಿದ ಡಿಜಿಟಲ್ ಸೇವೆಗಳ ಕಾಯಿದೆಯ ಮೇರೆಗೆ ಅತಿ ದೊಡ್ಡ ಕಂಪನಿಗಳು ತಾವು ತೋರಿಸಿದ ಜಾಹೀರಾತುಗಳೆಲ್ಲವನ್ನೂ, ಅವನ್ನು ಯಾರನ್ನು ಗುರಿಯಿಟ್ಟು ತೋರಿಸಿದೆವೆಂಬ ಮುಖ್ಯ ವಿವರದೊಡನೆ, ಯಾರು ಬೇಕಾದರೂ ನೋಡಬಹುದಾದ ಭಂಡಾರದಲ್ಲಿ ಇಡಬೇಕು. 2023ರ ಆಗಸ್ಟಿನಿಂದ ಇದು ನಡೆಯುತ್ತಿದೆ; ಕಂಪನಿಗಳು ಮುಳುಗಲಿಲ್ಲ. ನಮ್ಮ ದೇಶದಲ್ಲಿಯೇ ಚುನಾವಣೆಯ ಜಾಹೀರಾತುಗಳನ್ನು ಯಾವ ರಾಜ್ಯ, ಯಾವ ಊರುಗಳಿಗೆ ಗುರಿಯಿಟ್ಟರೆಂಬುದನ್ನು ಗೂಗಲ್ 2019ರಿಂದ ಪ್ರಕಟಿಸುತ್ತ ಬಂದಿದೆ. ಮತ ಕೇಳುವವನ ವಿಷಯದಲ್ಲಿ ಸಾಧ್ಯವಾದುದು ಕೆಲಸ ಕೊಡುವವನ ವಿಷಯದಲ್ಲಿ ಏಕೆ ಸಾಧ್ಯವಾಗದು? ಉದ್ಯೋಗ, ಶಿಕ್ಷಣ, ಸಾಲ ಇವುಗಳ ಜಾಹೀರಾತನ್ನು ಒಂದು ರಾಜ್ಯದೊಳಗೆ ಊರು ನೋಡಿ ಮರೆಮಾಡಕೂಡದೆಂದು ನಮ್ಮ ಶಾಸಕರು, ಸಂಸದರು ಕೇಳಲಿ. ನಮ್ಮ ಸಂಘವು ಈ ಅರ್ಥದ ಒಂದು ನಿರ್ಣಯವನ್ನು ಮುಂದಿನ ಸಭೆಯಲ್ಲಿ ಮಾಡಬೇಕೆಂದು ನಾನು ಸೂಚಿಸುತ್ತೇನೆ. ಅನುಮೋದಿಸುವವರು ಆ ತರುಣ ಮಿತ್ರರೇ ಆದರೆ ನನಗೆ ಸಂತೋಷ.

ಅಲ್ಲಿಯ ವರೆಗೆ ನಾವು ಮೂವರು ಒಂದು ಉಪಾಯವನ್ನು ಮಾಡಿಕೊಂಡಿದ್ದೇವೆ. ಪ್ರತಿ ಸೋಮವಾರ ಸಂಜೆ ಏಳು ಗಂಟೆಗೆ ಮೊಮ್ಮಗನು ಬೆಂಗಳೂರಿನಲ್ಲಿಯೂ ಎದುರು ಮನೆಯ ಹುಡುಗನು ಇಲ್ಲಿಯೂ ಅವೇ ಪದಗಳನ್ನು ಬರೆದು ಕೆಲಸಗಳನ್ನು ಹುಡುಕುತ್ತಾರೆ. ಅಲ್ಲಿ ಕಂಡು ಇಲ್ಲಿ ಕಾಣದವನ್ನು ಹುಡುಗನು ದಪ್ಪ ಅಕ್ಷರಗಳಲ್ಲಿ ಹಾಳೆಯ ಮೇಲೆ ಬರೆಯುತ್ತಾನೆ. ಕಾಗುಣಿತವನ್ನು ನಾನು ತಿದ್ದುತ್ತೇನೆ. ಮಂಗಳವಾರ ಬೆಳಿಗ್ಗೆ ಅದನ್ನು ಪಂಚಾಯಿತಿಯ ಗ್ರಂಥಾಲಯದ ಹಲಗೆಗೆ ಅಂಟಿಸುತ್ತೇವೆ. ಕಳೆದ ವಾರದ ಹಾಳೆಯ ಮುಂದೆ ಹಟ್ಟಿಯಿಂದ ಬಂದಿದ್ದ ಇಬ್ಬರು ಹುಡುಗಿಯರು ನಿಂತು ಕೊನೆಯ ದಿನಾಂಕವನ್ನು ಅಂಗೈಯ ಮೇಲೆ ಬರೆದುಕೊಳ್ಳುತ್ತಿದ್ದರು.